ಮೋಟಾರಿನ ಜ್ವರ, ತಂತಿಯ ರೋಗ

1888ರ ಆಗಸ್ಟ್ ತಿಂಗಳ ಒಂದು ಮುಂಜಾನೆ ಜರ್ಮನಿಯ ಮನ್‌ಹೈಮ್ ಪಟ್ಟಣದಿಂದ ಬೆರ್ತಾ ಬೆಂಜ್ ಎಂಬ ಮಹಿಳೆ ತನ್ನ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ತವರೂರಾದ ಫೋರ್ಟ್ಸ್‌ಹೈಮಿಗೆ ಹೊರಟಳು. ಹೊರಟದ್ದು ರೈಲಿನಲ್ಲಲ್ಲ, ಕುದುರೆಗಾಡಿಯಲ್ಲೂ ಅಲ್ಲ. ಪತಿ ಕಾರ್ಲ್ ಬೆಂಜ್ ನಿರ್ಮಿಸಿದ್ದ ಮೂರು ಚಕ್ರದ ಮೋಟಾರು ಬಂಡಿಯಲ್ಲಿ, ಅದೂ ಪತಿಗೆ ಮುಂಚಿತವಾಗಿ ತಿಳಿಸದೆ. ನೂರು ಕಿಲೋಮೀಟರಿಗೆ ಮಿಗಿಲಾದ ಆ ಪಯಣವೇ ಮೋಟಾರು ವಾಹನದ ಮೊಟ್ಟಮೊದಲ ದೂರ ಪ್ರಯಾಣವೆಂದು ಚರಿತ್ರೆಯಲ್ಲಿ ಹೆಸರಾಗಿದೆ. ದಾರಿಯಲ್ಲಿ ಆಕೆಯನ್ನು ಕಾಡಿದ ತೊಂದರೆಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕು. ಒಂದು, ಎಂಜಿನ್ನಿನ ತಾಪ. ಆ ಬಂಡಿಯಲ್ಲಿ ನೀರು ಕುದಿದು ಆವಿಯಾಗಿ ಹೋಗುವಾಗ ಶಾಖವನ್ನೂ ತನ್ನೊಡನೆ ಒಯ್ಯಬೇಕಾಗಿತ್ತು. ಆದ್ದರಿಂದ ನೀರು ಸಿಕ್ಕಿದಲ್ಲೆಲ್ಲ ನಿಲ್ಲಿಸಿ ತುಂಬಿಸದೆ ಗತ್ಯಂತರವಿರಲಿಲ್ಲ. ಇನ್ನೊಂದು, ಕಿಡಿ ಹೊತ್ತಿಸುವ ವಿದ್ಯುತ್ ತಂತಿ ಉಜ್ಜಿ ಉಜ್ಜಿ ಅದರ ಹೊದಿಕೆ ಸವೆದುಹೋದದ್ದು. ಆಕೆ ತನ್ನ ಕಾಲುಚೀಲದ ಪಟ್ಟಿಯನ್ನೇ ಬಿಚ್ಚಿ ಆ ತಂತಿಗೆ ಸುತ್ತಿ ಮುಂದುವರಿದಳೆಂದು ಪ್ರತೀತಿ.

ಹೀಗೆ ಮೋಟಾರು ಕಾರಿನ ಮೊದಲ ಯಾತ್ರೆಯಲ್ಲೇ ನೀರಿನ ತೊಂದರೆ, ತಂತಿಯ ತೊಂದರೆ ಎರಡೂ ಜೊತೆಯಾಗಿ ಸವಾರಿ ಮಾಡಿದವು. ಆದರೆ ಆ ದಿನ ಅವೆರಡಕ್ಕೂ ಪರಸ್ಪರ ಸಂಬಂಧವಿರಲಿಲ್ಲ. ತಂತಿ ಕೆಟ್ಟರೆ ಬಂಡಿ ನಿಲ್ಲುತ್ತಿತ್ತು, ನೀರು ಮುಗಿದರೆ ಬಂಡಿ ಕಾಯುತ್ತಿತ್ತು. ತಂತಿ ಕೆಟ್ಟದ್ದರಿಂದ ನೀರು ಕುದಿಯಿತು ಎಂದು ಅಂದು ಯಾರಾದರೂ ಹೇಳಿದ್ದರೆ ಅದು ನಗೆಪಾಟಲಿನ ಮಾತಾಗುತ್ತಿತ್ತು. ಇಂದಾದರೋ ಅದು ದಿನನಿತ್ಯದ ಸತ್ಯ. ಪೇಟೆಯ ವಾಹನಸಂದಣಿಯಲ್ಲಿ ಬಾನೆಟ್ಟಿನಿಂದ ಆವಿ ಚಿಮ್ಮಿಸುತ್ತ ನಿಂತ ಕಾರುಗಳಲ್ಲಿ ಕೆಲವಕ್ಕೆ ರೇಡಿಯೇಟರಿನಲ್ಲಿ ಯಾವ ದೋಷವೂ ಇರುವುದಿಲ್ಲ. ದೋಷವಿರುವುದು ಎಲ್ಲೋ ಮರೆಯಲ್ಲಿ ತುಕ್ಕು ಹಿಡಿದ ಒಂದು ಬೋಲ್ಟಿನಲ್ಲಿ, ಕರಗಿದ ಒಂದು ಫ್ಯೂಸಿನಲ್ಲಿ, ಹಸಿರುಗಟ್ಟಿದ ಒಂದು ತಾಮ್ರದ ಎಳೆಯಲ್ಲಿ. ಬೇರೆ ಬೇರೆಯಾಗಿದ್ದ ಈ ಎರಡು ರೋಗಗಳು ಒಂದಾದದ್ದು ಹೇಗೆ, ಒಂದಾದ ಮೇಲೆ ರೋಗಪರೀಕ್ಷೆಯ ಕ್ರಮ ಹೇಗೆ ಬದಲಾಗಬೇಕಾಯಿತು ಎಂಬುದೇ ಈ ಭಾಷಣದ ವಿಷಯ.

ಮೊದಲು ತಾಪದ ಲೆಕ್ಕವನ್ನು ನೋಡೋಣ. ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಿರುಗಿಸುವ ಕೆಲಸಕ್ಕೆ ಒದಗುವುದು ಸ್ಥೂಲವಾಗಿ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಉಳಿದುದರಲ್ಲಿ ಒಂದು ಪಾಲು ಹೊಗೆಕೊಳವೆಯ ಮೂಲಕ ಹೊರಟುಹೋದರೆ, ಹೆಚ್ಚುಕಡಿಮೆ ಅಷ್ಟೇ ದೊಡ್ಡ ಇನ್ನೊಂದು ಪಾಲನ್ನು ನೀರು ಹೊತ್ತು ತಂದು ಗಾಳಿಗೆ ಒಪ್ಪಿಸಬೇಕು. ಎಂದರೆ ಕಾರು ಓಡಲು ಎಷ್ಟು ಶಕ್ತಿ ಬೇಕೋ ಅದಕ್ಕೆ ಸರಿಸಮನಾದ ಶಾಖವನ್ನು ಅದು ಸದಾ ಹೊರಗೆ ಚೆಲ್ಲುತ್ತಿರಬೇಕು. ಈ ಕಾರ್ಯ ಕೆಲವೇ ನಿಮಿಷ ನಿಂತರೂ ಅನಾಹುತ. ಸಿಲಿಂಡರಿನ ಮೇಲಿನ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ, ಎಣ್ಣೆಯೂ ನೀರೂ ಒಂದಾಗುತ್ತವೆ.

ಈ ಶಾಖವನ್ನು ಸಮರ್ಥವಾಗಿ ಹೊರಹಾಕುವ ಬಗೆಯನ್ನು ತೋರಿಸಿಕೊಟ್ಟವನು ವಿಲ್‌ಹೆಲ್ಮ್ ಮೈಬಾಖ್. 1900ರ ಕೊನೆಯಲ್ಲಿ ಸಿದ್ಧವಾಗಿ, 1901ರಲ್ಲಿ ಫ್ರಾನ್ಸಿನ ನೀಸ್ ನಗರದ ಸ್ಪರ್ಧೆಗಳಲ್ಲಿ ಜಯಭೇರಿ ಹೊಡೆದ 35 ಅಶ್ವಶಕ್ತಿಯ ಮರ್ಸಿಡಿಸ್ ಕಾರಿಗೆ ಅವನು ಜೇನುಗೂಡಿನ ಆಕಾರದ ರೇಡಿಯೇಟರನ್ನು ಅಳವಡಿಸಿದ. 8,070 ಚಿಕ್ಕ ಚಿಕ್ಕ ಚೌಕ ಕೊಳವೆಗಳನ್ನು ಒತ್ತೊತ್ತಾಗಿ ಜೋಡಿಸಿ ಬೆಸೆದ ಆ ಗೂಡಿನೊಳಗೆ ಗಾಳಿ ನುಗ್ಗುತ್ತಿತ್ತು. ಕೊಳವೆಗಳ ಸಂದಿಯಲ್ಲಿ ನೀರು ಹರಿಯುತ್ತಿತ್ತು. ಕೇವಲ ಒಂಬತ್ತು ಲೀಟರು ನೀರಿನಲ್ಲಿ ಅಷ್ಟು ದೊಡ್ಡ ಎಂಜಿನ್ ತಣ್ಣಗಿರಲು ಸಾಧ್ಯವಾಯಿತು. ಬಂಡಿ ನಿಧಾನವಾಗಿ ಚಲಿಸುವಾಗ ಗಾಳಿ ಸಾಲದೆಂಬುದನ್ನು ಅರಿತು ರೇಡಿಯೇಟರಿನ ಹಿಂದೆ ಒಂದು ಪಂಖವನ್ನೂ ಅವನು ಇರಿಸಿದ. ಈ ಪಂಖವೇ ನಮ್ಮ ಕಥೆಯ ಮುಖ್ಯ ಪಾತ್ರ. ವೇಗವಾಗಿ ಓಡುವ ಕಾರಿಗೆ ಗಾಳಿ ತಾನಾಗಿ ಎದುರಾಗುತ್ತದೆ. ನಿಂತ ಕಾರಿಗೆ, ತೆವಳುವ ಕಾರಿಗೆ ಪಂಖವೇ ಗಾಳಿ. ಈ ಒಂದು ಮಾತನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

1908ರಿಂದ 1927ರವರೆಗೆ ಒಂದೂವರೆ ಕೋಟಿಯಷ್ಟು ಸಂಖ್ಯೆಯಲ್ಲಿ ತಯಾರಾದ ಫೋರ್ಡ್ ಕಂಪನಿಯ 'ಮಾಡೆಲ್ ಟಿ' ಕಾರು ಸರಳತೆಯ ಪರಾಕಾಷ್ಠೆ. ಮೊದಮೊದಲ ಸುಮಾರು 2,500 ಕಾರುಗಳಿಗೆ ನೀರಿನ ಪಂಪು ಇತ್ತು. ಬಳಿಕ ಅದನ್ನೂ ಕೈಬಿಟ್ಟರು. ಬಿಸಿನೀರು ಹಗುರ, ತಣ್ಣೀರು ಭಾರ. ಬಿಸಿಯಾದದ್ದು ತಾನಾಗಿ ಮೇಲೇರುತ್ತದೆ, ತಣಿದದ್ದು ತಾನಾಗಿ ಕೆಳಗಿಳಿಯುತ್ತದೆ. ಈ ನಿಸರ್ಗ ನಿಯಮವೊಂದರ ಬಲದಿಂದಲೇ ಆ ಎಂಜಿನ್ನಿನ ನೀರು ಸುತ್ತುತ್ತಿತ್ತು. ಪಂಖವನ್ನು ಎಂಜಿನ್ನೇ ಪಟ್ಟಿಯ ಮೂಲಕ ತಿರುಗಿಸುತ್ತಿತ್ತು. ಆರಂಭದ ಆ ಕಾರುಗಳಲ್ಲಿ ಬ್ಯಾಟರಿಯ ಮೇಲೆ ಅವಲಂಬನೆಯೇ ಇಲ್ಲ. ಕಿಡಿಗೆ ಬೇಕಾದ ವಿದ್ಯುತ್ತನ್ನು ಮ್ಯಾಗ್ನೆಟೊ ಒದಗಿಸುತ್ತಿತ್ತು. ಹೀಗಿರಲು ತಂತಿಯ ದೋಷದಿಂದ ಪಂಖ ನಿಲ್ಲುವ ಪ್ರಮೇಯವಾದರೂ ಎಲ್ಲಿಂದ ಬರಬೇಕು?

1912ರಲ್ಲಿ ಚಾರ್ಲ್ಸ್ ಕೆಟರಿಂಗ್‌ನ ವಿದ್ಯುತ್ ಸ್ಟಾರ್ಟರು ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಬಂದಿತು. ಹ್ಯಾಂಡಲು ಹಾಕಿ ತಿರುಗಿಸುವ ಕಷ್ಟ ತಪ್ಪಿತು. ಬ್ಯಾಟರಿ, ಅದನ್ನು ತುಂಬಿಸುವ ಡೈನಮೊ, ದೀಪಗಳು, ಹಾರ್ನು ಎಲ್ಲವೂ ಬಂದು ಕಾರಿನ ಮೈಯಲ್ಲಿ ತಂತಿಗಳ ಜಾಲವೊಂದು ಹರಡತೊಡಗಿತು. ತಂತಿಯ ಉಳಿತಾಯಕ್ಕಾಗಿ ಒಂದು ಉಪಾಯವೂ ರೂಢಿಯಾಯಿತು: ಬ್ಯಾಟರಿಯಿಂದ ಹೋಗುವ ವಿದ್ಯುತ್ತಿಗೆ ಮಾತ್ರ ತಂತಿ, ಹಿಂದಿರುಗಲು ಕಾರಿನ ಉಕ್ಕಿನ ದೇಹವೇ ದಾರಿ. ನಮ್ಮ ಗ್ಯಾರೇಜುಗಳಲ್ಲಿ ಇದನ್ನೇ 'ಅರ್ಥ್' ಎನ್ನುತ್ತಾರೆ. ಹೋಗುವ ತಂತಿ ಕಣ್ಣಿಗೆ ಕಾಣುತ್ತದೆ, ಬಣ್ಣ ಹಿಡಿದು ಹುಡುಕಬಹುದು. ಹಿಂದಿರುಗುವ ದಾರಿ ಕಾಣುವುದಿಲ್ಲ. ಆ ದಾರಿ ದೇಹಕ್ಕೆ ಸೇರುವ ಬೋಲ್ಟಿನ ಕೆಳಗೆ ಬಣ್ಣವಿದ್ದರೆ, ತುಕ್ಕಿದ್ದರೆ, ವಿದ್ಯುತ್ತು ಅಲ್ಲಿ ತಡೆಯುತ್ತದೆ. ಮುಂದಿನ ತಲೆಮಾರುಗಳ ಅನೇಕ ತಲೆನೋವುಗಳ ಬೀಜ ಈ ಉಳಿತಾಯದಲ್ಲಿತ್ತು.

ಆದರೂ ಮುಂದಿನ ಅರ್ಧ ಶತಮಾನ ಶಾಖಕ್ಕೂ ತಂತಿಗೂ ನೇರ ನಂಟು ಬೆಳೆಯಲಿಲ್ಲ. ಪಂಖ ಬೆಲ್ಟಿನ ಅಂಕೆಯಲ್ಲೇ ಉಳಿಯಿತು. ಭಾರತದ ರಸ್ತೆಗಳಲ್ಲಿ ದಶಕಗಳ ಕಾಲ ಆಳಿದ ಕಾರುಗಳ ಸ್ಥಿತಿಯೂ ಇದೇ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ನಮ್ಮ ದೇಶದಲ್ಲಿ ಮೋಟಾರು ಕಾರ್ಖಾನೆ ಆಗಲೇಬೇಕೆಂದು ಯೋಜನೆ ಹಾಕಿ ಯೂರೋಪು, ಅಮೆರಿಕಗಳನ್ನು ಸುತ್ತಿಬಂದರು. ಆ ಯತ್ನದಲ್ಲಿ ಕೈಜೋಡಿಸಿದ್ದ ವಾಲಚಂದ್ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಂದ ಹೊರಬಂದ ಫಿಯಟ್, ಕಲ್ಕತ್ತೆಯ ಬಳಿಯ ಉತ್ತರಪಾರಾದಿಂದ ಬಂದ ಅಂಬಾಸಡರ್—ಎರಡರಲ್ಲೂ ಒಂದೇ ಬೆಲ್ಟು ಪಂಖವನ್ನೂ ನೀರಿನ ಪಂಪನ್ನೂ ಡೈನಮೊವನ್ನೂ ಒಟ್ಟಿಗೆ ತಿರುಗಿಸುತ್ತಿತ್ತು. ಬೆಲ್ಟು ತುಂಡಾಯಿತೆನ್ನಿ, ಡ್ಯಾಷ್‌ಬೋರ್ಡಿನಲ್ಲಿ ಚಾರ್ಜಿನ ಕೆಂಪು ದೀಪ ಒಡನೆಯೇ ಹೊತ್ತಿಕೊಳ್ಳುತ್ತಿತ್ತು. ನೀರು ಕುದಿಯುವ ಮೊದಲೇ ಎಚ್ಚರಿಕೆ! ಚಾಲಕ ಇಳಿದು ಬಾನೆಟ್ ಎತ್ತಿದರೆ ರೋಗ ಕಣ್ಣೆದುರೇ ಇರುತ್ತಿತ್ತು. ಬೆಲ್ಟನ್ನು ಬೆರಳಿನಿಂದ ಒತ್ತಿ ನೋಡುವುದೇ ಪರೀಕ್ಷೆ, ಡಿಕ್ಕಿಯಲ್ಲಿದ್ದ ಇನ್ನೊಂದು ಬೆಲ್ಟೇ ಮದ್ದು. ಕಿಡಿಯ ಕಾಲ ಹಿಂದುಳಿದರೂ ಎಂಜಿನ್ ಹೆಚ್ಚು ಕಾಯುತ್ತಿತ್ತು ಎಂಬುದು ನಿಜ. ಆದರೆ ಅದು ಎಂಜಿನ್ನಿನ ಶಬ್ದದಿಂದ, ಎಳೆತದಿಂದ ಅನುಭವಿಗಳಿಗೆ ಗೊತ್ತಾಗುತ್ತಿತ್ತು.

ಈ ಅರ್ಧ ಶತಮಾನದಲ್ಲಿ ನಮ್ಮ ಪೇಟೆಗಳಲ್ಲಿ ಒಂದು ಶ್ರಮವಿಭಾಗ ನೆಲೆಗೊಂಡಿತು. ಮೆಕ್ಯಾನಿಕ್ಕಿನ ಶೆಡ್ಡು ಒಂದು ಕಡೆ, ರೇಡಿಯೇಟರ್ ಬೆಸುಗೆಯ ಅಂಗಡಿ ಇನ್ನೊಂದು ಕಡೆ, ಬ್ಯಾಟರಿ ಮತ್ತು ವೈರಿಂಗ್ ನೋಡುವ 'ಆಟೋ ಎಲೆಕ್ಟ್ರಿಕಲ್ಸ್' ಮತ್ತೊಂದು ಕಡೆ. ಕಾಯುವ ಕಾರು ಮೊದಲ ಎರಡು ಬಾಗಿಲುಗಳಿಗೆ ಸೇರಿದ್ದು, ದೀಪ ಹತ್ತದ ಕಾರು ಮೂರನೆಯ ಬಾಗಿಲಿಗೆ. ಬೆರ್ತಾ ಬೆಂಜಳ ಎರಡು ತೊಂದರೆಗಳೇ ನಮ್ಮ ಬೀದಿಗಳಲ್ಲಿ ಬೇರೆ ಬೇರೆ ಬೋರ್ಡು ಹಾಕಿಕೊಂಡು ಕುಳಿತಿದ್ದವು ಎನ್ನಬಹುದು. ಯಂತ್ರ ಹಾಗಿದ್ದಷ್ಟು ಕಾಲ ಈ ವಿಭಾಗ ಸಮರ್ಪಕವಾಗಿಯೇ ಇತ್ತು. ಯಂತ್ರ ಬದಲಾಯಿತು, ಬೀದಿ ಬದಲಾಗಲಿಲ್ಲ.

ಯಂತ್ರ ಬದಲಾದದ್ದು ಹೇಗೆ? ಎಂಜಿನ್ನನ್ನು ಅಡ್ಡಡ್ಡವಾಗಿ ಇಟ್ಟದ್ದರಿಂದ. ಹಳೆಯ ಕಾರುಗಳಲ್ಲಿ ಎಂಜಿನ್ ಉದ್ದುದ್ದವಾಗಿತ್ತು. ಅದರ ಮೂತಿ ರೇಡಿಯೇಟರಿನ ಕಡೆಗೇ ಇದ್ದುದರಿಂದ ಅಲ್ಲಿ ಒಂದು ಪಂಖ ಸಿಕ್ಕಿಸಿದರೆ ಸಾಕಾಗುತ್ತಿತ್ತು. 1959ರಲ್ಲಿ ಇಂಗ್ಲೆಂಡಿನ ಅಲೆಕ್ ಇಸಿಗೋನಿಸ್ ಪುಟ್ಟ 'ಮಿನಿ' ಕಾರನ್ನು ರೂಪಿಸಿದಾಗ ಒಳಗೆ ಜಾಗ ಉಳಿಸಲೆಂದು ಎಂಜಿನ್ನನ್ನು ಅಡ್ಡಲಾಗಿ ತಿರುಗಿಸಿದ. ಈಗ ಎಂಜಿನ್ನಿನ ಮೂತಿ ಪಕ್ಕಕ್ಕೆ, ಗಾಳಿ ಬರುವುದು ಮುಂದಿನಿಂದ. ಅವನು ರೇಡಿಯೇಟರನ್ನೇ ಪಕ್ಕಕ್ಕೆ ಸರಿಸಿ, ಪಂಖವನ್ನು ಬೆಲ್ಟಿನ ಆಶ್ರಯದಲ್ಲೇ ಉಳಿಸಿಕೊಂಡ. ಹತ್ತು ವರ್ಷಗಳ ಬಳಿಕ, 1969ರಲ್ಲಿ, ಇಟಲಿಯ ದಾಂತೆ ಜಾಕೋಸಾನ ನೇತೃತ್ವದಲ್ಲಿ ಬಂದ 'ಫಿಯಟ್ 128' ಕಾರು ಬೇರೊಂದು ಉತ್ತರ ಕೊಟ್ಟಿತು. ರೇಡಿಯೇಟರು ಗಾಳಿಗೆದುರಾಗಿ ಮುಂದೆಯೇ ಇರಲಿ. ಪಂಖಕ್ಕೂ ಎಂಜಿನ್ನಿಗೂ ಇದ್ದ ಬೆಲ್ಟಿನ ನಂಟು ಕಡಿದುಹೋಗಲಿ. ಪಂಖಕ್ಕೆ ಅದರದೇ ವಿದ್ಯುತ್ ಮೋಟಾರು ಇರಲಿ. ನೀರು ನಿಗದಿತ ಶಾಖಕ್ಕೇರಿದಾಗ ಒಂದು ಸ್ವಿಚ್ಚು ಅದನ್ನು ತಾನಾಗಿ ತಿರುಗಿಸಲಿ.

ಇದು ಜಾಣ ಉತ್ತರವೆಂಬುದರಲ್ಲಿ ಸಂದೇಹವಿಲ್ಲ. ಬೇಕಿರಲಿ ಬೇಡದಿರಲಿ ಸದಾ ತಿರುಗುತ್ತ ಎಂಜಿನ್ನಿನ ಶಕ್ತಿಯನ್ನು ತಿನ್ನುತ್ತಿದ್ದ ಪಂಖ ಈಗ ಬೇಕಾದಾಗ ಮಾತ್ರ ತಿರುಗುವಂತಾಯಿತು. 1973ರ ತೈಲ ಬಿಕ್ಕಟ್ಟಿನ ಬಳಿಕ ಪೆಟ್ರೋಲಿನ ಪ್ರತಿ ಹನಿಗೂ ಬೆಲೆ ಬಂದಾಗ ಮುಂಚಕ್ರಚಾಲನೆಯ ಸಣ್ಣ ಕಾರುಗಳು ಲೋಕದ ತುಂಬ ಹರಡಿದವು; ಅವುಗಳೊಡನೆ ವಿದ್ಯುತ್ ಪಂಖವೂ ಹರಡಿತು. 1983ರ ಡಿಸೆಂಬರ್ 14ರಂದು ಮಾರುತಿ 800 ಭಾರತದ ರಸ್ತೆಗಿಳಿದಾಗ ಆ ವ್ಯವಸ್ಥೆ ನಮ್ಮ ಮಧ್ಯಮವರ್ಗದ ಮನೆಯಂಗಳಕ್ಕೂ ಬಂದಿತು. ಕಾರು ನಿಂತ ಮೇಲೂ ಒಮ್ಮೊಮ್ಮೆ ಗುಂಯ್‌ಗುಟ್ಟುವ ಪಂಖವನ್ನು ಕಂಡು ಜನ ಬೆರಗಾದರು. ಬೆರಗಿನ ಮರೆಯಲ್ಲಿ ನಡೆದ ಬದಲಾವಣೆಯನ್ನು ಗಮನಿಸಿದವರು ಕಡಿಮೆ. ಎಂಜಿನ್ನಿನ ಪ್ರಾಣರಕ್ಷಣೆ ಬೆಲ್ಟಿನ ಕೈಯಿಂದ ತಂತಿಯ ಕೈಗೆ ಬಂದಿತ್ತು. ಅಲ್ಲದೆ ಹಳೆಯ ಕೆಂಪು ದೀಪದ ಎಚ್ಚರಿಕೆಯೂ ಇಲ್ಲವಾಯಿತು: ಪಂಖದ ಫ್ಯೂಸು ಹೋದರೆ ಚಾರ್ಜಿನ ದೀಪ ಹೊತ್ತುವುದಿಲ್ಲ. ತಿರುಗದ ಪಂಖ ಮೌನವಾಗಿರುತ್ತದೆ. ತಿರುಗಬೇಕಾಗಿಲ್ಲದ ಪಂಖವೂ ಮೌನವಾಗಿಯೇ ಇರುತ್ತದೆ. ಎರಡು ಮೌನಗಳ ಭೇದವನ್ನು ಅರಿಯುವವರಾರು?

ಇಲ್ಲಿಂದ ಮುಂದೆ ರೋಗಪರೀಕ್ಷೆಯ ಚರಿತ್ರೆ ಆರಂಭವಾಗುತ್ತದೆ. 'ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು' ಎಂಬ ಗಾದೆಯನ್ನು ನಮ್ಮ ಹಿರಿಯರು ಕಟ್ಟಿದ್ದು ಮೋಟಾರು ಕಾರಿಗಾಗಿ ಅಲ್ಲ. ಆದರೆ ಇದಕ್ಕಿಂತ ಒಪ್ಪುವ ಸಂದರ್ಭ ಸಿಗಲಾರದು. ಕಾರು ಕಾಯುತ್ತದೆ. ಮಾಲಿಕ ಮೆಕ್ಯಾನಿಕ್ಕಿನಲ್ಲಿಗೆ ಒಯ್ಯುತ್ತಾನೆ; ಥರ್ಮೋಸ್ಟಾಟನ್ನು ಕಿತ್ತೆಸೆಯಲಾಗುತ್ತದೆ. ಮತ್ತೆ ಕಾಯುತ್ತದೆ. ರೇಡಿಯೇಟರನ್ನು ಬಿಚ್ಚಿ ತೊಳೆಸಲಾಗುತ್ತದೆ. ಮತ್ತೂ ಕಾಯುತ್ತದೆ. ಕೊನೆಗೆ ಹೆಡ್ ಇಳಿಸಿ ಗ್ಯಾಸ್ಕೆಟ್ ಬದಲಿಸಲಾಗುತ್ತದೆ. ಇಷ್ಟಾಗಿಯೂ ಅಲ್ಪ ಬೆಲೆಯ ಫ್ಯೂಸು ಕೂತಲ್ಲೇ ಕೂತಿರುತ್ತದೆ. ಯಾರೂ ಮೋಸ ಮಾಡಿದ್ದಲ್ಲ; ತಮ್ಮ ತಮ್ಮ ವಿದ್ಯೆಗೆ ತಿಳಿದದ್ದನ್ನು ಪ್ರಾಮಾಣಿಕವಾಗಿಯೇ ಮಾಡಿದರು. ಆದರೆ ರೋಗ ಎರಡು ಅಂಗಡಿಗಳ ನಡುವಿನ ಓಣಿಯಲ್ಲಿ ಬಿದ್ದಿತ್ತು. ಇದರ ದಂಡ ತೆರುವವನು ಬಾಡಿಗೆ ಕಾರನ್ನು ಓಡಿಸಿ ಸಂಸಾರ ಸಾಗಿಸುವ ಚಾಲಕ; ರಾತ್ರಿ ಹೊತ್ತು ಘಟ್ಟದ ತಿರುವಿನಲ್ಲಿ ನಿಂತುಹೋದ ಕುಟುಂಬ.

ಹಾಗಾದರೆ ಸರಿಯಾದ ಪರೀಕ್ಷೆ ಯಾವುದು? ನಮ್ಮ ವೈದ್ಯಪದ್ಧತಿಯಲ್ಲಿ ಜ್ವರ ಬಂದವನನ್ನು ಮೊದಲು ಕೇಳುವ ಪ್ರಶ್ನೆ, ಜ್ವರ ಯಾವ ಹೊತ್ತಿನಲ್ಲಿ ಬರುತ್ತದೆ ಎಂಬುದು. ಇಲ್ಲಿಯೂ ಅಷ್ಟೇ. ಯಾವ ಭಾಗ ಕೆಟ್ಟಿದೆ ಎನ್ನುವುದಕ್ಕಿಂತ ಮೊದಲು, ಯಾವಾಗ ಕಾಯುತ್ತದೆ ಎಂದು ಕೇಳಬೇಕು. ಹೆದ್ದಾರಿಯಲ್ಲಿ ಎಂಬತ್ತು ಕಿಲೋಮೀಟರ್ ವೇಗದಲ್ಲಿ ಓಡುವಾಗ ತಣ್ಣಗಿದ್ದು, ಸಿಗ್ನಲ್ಲಿನಲ್ಲಿ ನಿಂತೊಡನೆ ಕಾಯುವ ಕಾರಿನಲ್ಲಿ ನೀರಿನ ಹರಿವು ಸರಿಯಾಗಿದೆ, ಗಾಳಿಯೇ ಇಲ್ಲ ಎಂದರ್ಥ. ಸಂಶಯ ಮೊದಲು ಪಂಖದ ಮೇಲೆ ಹೋಗಬೇಕು. ಪೇಟೆಯಲ್ಲಿ ನೆಮ್ಮದಿಯಾಗಿದ್ದು ಹೆದ್ದಾರಿಯ ವೇಗದಲ್ಲಿ ಕಾಯುವ ಕಾರಿಗೆ ಪಂಖದಿಂದ ಆಗಬೇಕಾದದ್ದೇನೂ ಇಲ್ಲ. ಅಲ್ಲಿ ರೇಡಿಯೇಟರು, ಪಂಪು, ಥರ್ಮೋಸ್ಟಾಟುಗಳನ್ನು ವಿಚಾರಿಸಬೇಕು. ಶಿರಾಡಿ, ಚಾರ್ಮಾಡಿ ಘಟ್ಟಗಳ ಏರಿನಲ್ಲಿ ವೇಗ ಕಡಿಮೆ, ಹೊರೆ ಹೆಚ್ಚು. ಅಲ್ಲಿ ಎರಡು ಬಗೆಯ ದೋಷಗಳೂ ಹೊರಬೀಳುವುದರಿಂದ ತೀರ್ಮಾನಕ್ಕೆ ಅವಸರ ಸಲ್ಲದು. ಮೈಬಾಖ್ ಪಂಖವನ್ನು ಯಾತಕ್ಕಾಗಿ ಇಟ್ಟ ಎಂಬುದನ್ನು ನೆನಪಿಟ್ಟವನಿಗೆ ಈ ಭೇದ ಯಾವ ಉಪಕರಣವೂ ಇಲ್ಲದೆ ತಿಳಿಯುತ್ತದೆ.

ಪಂಖ ತಿರುಗುತ್ತಿಲ್ಲವೆಂದು ಗೊತ್ತಾದ ಮೇಲೆ ಮುಂದಿನ ಹೆಜ್ಜೆ. ಬ್ಯಾಟರಿಯಿಂದ ಫ್ಯೂಸು, ಫ್ಯೂಸಿನಿಂದ ರಿಲೇ, ರಿಲೇಯಿಂದ ಮೋಟಾರು, ಮೋಟಾರಿನಿಂದ ಅರ್ಥ್. ಇದು ಸಾಮಾನ್ಯ ದಾರಿ. ಶಾಖದ ಸ್ವಿಚ್ಚು ರಿಲೇಗೆ ಅಪ್ಪಣೆ ಕೊಡುತ್ತದೆ. ರಿಲೇ ಇಲ್ಲದ ಸರಳ ಕಾರುಗಳಲ್ಲಿ ತಾನೇ ವಿದ್ಯುತ್ತನ್ನು ಹಾಯಿಸುತ್ತದೆ. ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಕೊಟ್ಟಾಗ ಅದು ತಿರುಗಿದರೆ ಮೋಟಾರು ನಿರಪರಾಧಿ. ಹಳೆಯ ಮಾದರಿಯ ಕಾರುಗಳಲ್ಲಿ ಶಾಖದ ಸ್ವಿಚ್ಚಿನ ಎರಡು ತಂತಿಗಳನ್ನು ಒಂದಕ್ಕೊಂದು ಮುಟ್ಟಿಸಿದಾಗ ಪಂಖ ತಿರುಗಿದರೆ ತಂತಿಗಳು ನಿರಪರಾಧಿ, ಸ್ವಿಚ್ಚೇ ಆರೋಪಿ. ಹೀಗೆ ಒಂದೊಂದಾಗಿ ಬಿಡುಗಡೆ ಮಾಡುತ್ತ ಬಂದರೆ ಕಡೆಗೆ ಉಳಿದದ್ದೇ ತಪ್ಪಿತಸ್ಥ. ಬಿಸಿ ಎಂಜಿನ್ನಿನ ಪಂಖ ಯಾವ ಗಳಿಗೆಯಲ್ಲಾದರೂ ತಿರುಗಿಬಿಡಬಹುದು, ಬಿಸಿ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಇವೆರಡು ಎಚ್ಚರಿಕೆಗಳನ್ನು ಎಷ್ಟು ಸಲ ಹೇಳಿದರೂ ಹೆಚ್ಚಾಗದು.

ಎಲ್ಲಕ್ಕಿಂತ ಕಪಟಿಯಾದದ್ದು ಅರೆಜೀವದ ತಂತಿ. ಪೂರ್ತಿ ಕಡಿದ ತಂತಿ ತನ್ನ ಅಪರಾಧವನ್ನು ಬೇಗ ಒಪ್ಪಿಕೊಳ್ಳುತ್ತದೆ. ಒಳಗೊಳಗೆ ತುಕ್ಕು ಹಿಡಿದ ಜೋಡಣೆ ಒಪ್ಪಿಕೊಳ್ಳುವುದಿಲ್ಲ. ಅನೇಕರು ಟೆಸ್ಟ್ ಲ್ಯಾಂಪ್ ಹಿಡಿದು, ದೀಪ ಹೊತ್ತಿತು, ಆದ್ದರಿಂದ ತಂತಿ ಸರಿಯಿದೆ ಎನ್ನುತ್ತಾರೆ. ಇದು ಎಷ್ಟು ದೊಡ್ಡ ಭ್ರಮೆಯೆಂಬುದನ್ನು 1827ರಲ್ಲಿ ಗೆಯೋರ್ಗ್ ಓಮ್ ಪ್ರಕಟಿಸಿದ ನಿಯಮದಿಂದ ಲೆಕ್ಕ ಹಾಕಿ ತಿಳಿಯಬಹುದು. ತುಕ್ಕು ಹಿಡಿದ ಜೋಡಣೆಯ ರೋಧ ಒಂದು ಓಮಿನ ಐದನೆಯ ಒಂದು ಭಾಗ ಮಾತ್ರ ಎಂದಿಟ್ಟುಕೊಳ್ಳೋಣ. ಪುಟ್ಟ ಪರೀಕ್ಷಾದೀಪ ಎಳೆಯುವುದು ಕಾಲು ಆಂಪಿಯರ್. ಆ ಜೋಡಣೆಯಲ್ಲಿ ಆಗ ನಷ್ಟವಾಗುವುದು ವೋಲ್ಟೊಂದರ ಇಪ್ಪತ್ತನೆಯ ಒಂದು ಭಾಗ. ದೀಪ ಉಜ್ವಲವಾಗಿಯೇ ಬೆಳಗುತ್ತದೆ. ಅದೇ ಜೋಡಣೆಯ ಮೂಲಕ ಪಂಖದ ಮೋಟಾರು 12 ಆಂಪಿಯರ್ ಎಳೆಯಲು ಹೊರಟರೆ ಸುಮಾರು ಎರಡೂವರೆ ವೋಲ್ಟು ದಾರಿಯಲ್ಲೇ ಕಳೆದುಹೋಗುತ್ತದೆ. ಪಂಖ ತಿರುಗುತ್ತದೆ, ಆದರೆ ಮಂದವಾಗಿ. ಕಳೆದುಹೋದ ಶಕ್ತಿ ಎಲ್ಲಿ ಹೋಯಿತು? ಆ ಜೋಡಣೆಯಲ್ಲೇ ಸುಮಾರು 30 ವಾಟಿನಷ್ಟು ಶಾಖವಾಗಿ ಕೂತಿತು. ರೇಡಿಯೋ ರಿಪೇರಿಯವರ ಬೆಸುಗೆ ಕಡ್ಡಿಯ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಪ್ಲಾಸ್ಟಿಕ್ ಕನೆಕ್ಟರು ಕಂದುಬಣ್ಣಕ್ಕೆ ತಿರುಗಿ ಕರಗುವುದು ಹೀಗೆ. ಆದಕಾರಣ ಪಂಖ ತಿರುಗುತ್ತಿರುವಾಗಲೇ ವೋಲ್ಟ್‌ಮೀಟರಿನಿಂದ ಮೋಟಾರಿನ ಎರಡು ತುದಿಗಳಲ್ಲಿ ಅಳೆಯಬೇಕು. ಹೊರೆ ಹೊತ್ತಾಗಲೇ ಆಳಿನ ಬಲ ತಿಳಿಯುವುದು.

ಕರಾವಳಿಯ ಉಪ್ಪುಗಾಳಿ, ಮಲೆನಾಡಿನ ಮಳೆ, ಇವೆರಡೂ ಇಂತಹ ತುಕ್ಕಿಗೆ ಹೇಳಿ ಮಾಡಿಸಿದಂತಿವೆ. ಮನುಷ್ಯರೂ ತಮ್ಮ ಕಾಣಿಕೆ ಸಲ್ಲಿಸುತ್ತಾರೆ. ಫ್ಯೂಸು ಮತ್ತೆ ಮತ್ತೆ ಹೋಗುತ್ತದೆಂದು ದಪ್ಪ ತಂತಿಯ ತುಂಡನ್ನು ಸಿಕ್ಕಿಸುವವರು ಕಾವಲುಗಾರನ ಬಾಯಿ ಮುಚ್ಚಿಸಿ ಕಳ್ಳನಿಗೆ ಬಾಗಿಲು ತೆರೆದಂತೆಯೇ ಸರಿ. ರಿಪೇರಿಯ ಬಳಿಕ ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿ ಜೋಡಿಸಿದರೆ ಪಂಖ ಹಿಂದುಮುಂದಾಗಿ ತಿರುಗಿ, ಎದುರು ಬರುವ ಗಾಳಿಯೊಡನೆಯೇ ಹೋರಾಡುತ್ತದೆ. ನೋಡುವವರಿಗೆ ಪಂಖ ತಿರುಗುತ್ತಿದೆ; ಎಂಜಿನ್ ಮಾತ್ರ ಕಾಯುತ್ತಿದೆ! ಬೆಲ್ಟಿನ ಕಾಲದಲ್ಲಿ ಇಂತಹ ವಿಪರೀತಕ್ಕೆ ಅವಕಾಶವೇ ಇರಲಿಲ್ಲ. ರೇಡಿಯೇಟರಿನ ಮುಂಭಾಗಕ್ಕೆ ಒಂದು ಕಾಗದ ಹಿಡಿದರೆ ಸಾಕು. ಅದು ಒಳಕ್ಕೆ ಅಂಟಿಕೊಳ್ಳಬೇಕು, ಹೊರಕ್ಕೆ ಹಾರಬಾರದು.

ಇನ್ನು ಶಾಖವನ್ನು ತಿಳಿಸುವ ಸಾಕ್ಷಿಯ ವಿಚಾರ. 1912ರಲ್ಲಿ ಅಮೆರಿಕದಲ್ಲಿ 'ಬಾಯ್ಸ್ ಮೋಟೊಮೀಟರ್' ಎಂಬ ಉಪಕರಣಕ್ಕೆ ಪೇಟೆಂಟ್ ದೊರೆಯಿತು. ಅದು ರೇಡಿಯೇಟರಿನ ಮುಚ್ಚಳದ ಮೇಲೆ ನಿಲ್ಲಿಸಿದ ಉಷ್ಣಮಾಪಕ. ಚಾಲಕ ಗಾಜಿನಾಚೆ ಅದನ್ನು ನೇರವಾಗಿ ನೋಡುತ್ತಿದ್ದ. ಮುಂದೆ ಉಷ್ಣಮಾಪಕ ಡ್ಯಾಷ್‌ಬೋರ್ಡಿಗೆ ಬಂತು. ಅನಂತರ ಅದೂ ವಿದ್ಯುತ್ತಿನ ಮುಳ್ಳಾಯಿತು. ನೀರಿನಲ್ಲಿ ಮುಳುಗಿದ ಸಂವೇದಕವೊಂದರ ರೋಧ ಬಿಸಿಯೇರಿದಂತೆ ಇಳಿಯುತ್ತದೆ, ಮುಳ್ಳು ಮೇಲೇರುತ್ತದೆ. ಆದರೆ ಅದರ ತಂತಿ ಎಲ್ಲಿಯಾದರೂ ಉಜ್ಜಿ ಕಾರಿನ ಮೈಗೆ ತಗುಲಿದರೆ ತಣ್ಣಗಿರುವ ಎಂಜಿನ್ನನ್ನೂ ಮುಳ್ಳು ಕುದಿಯುತ್ತಿದೆ ಎನ್ನುತ್ತದೆ. ತಂತಿ ಕಡಿದುಹೋದರೆ ಕುದಿಯುವ ಎಂಜಿನ್ನನ್ನೂ ತಣ್ಣಗಿದೆ ಎನ್ನುತ್ತದೆ. ನೀರೆಲ್ಲ ಸೋರಿ ಸಂವೇದಕ ಬರಿಗಾಳಿಯಲ್ಲಿ ಉಳಿದಾಗಲೂ ಮುಳ್ಳಿನ ಮಾತು ನಂಬುವಂತಿಲ್ಲ. ಸುಳ್ಳುಸಾಕ್ಷಿಯನ್ನು ಗುರುತಿಸುವ ಉಪಾಯವೊಂದಿದೆ. ನೀರಿನ ಸ್ವಭಾವ ಮಂದ. ನಾಲ್ಕಾರು ಲೀಟರು ನೀರು ಬಿಸಿಯೇರಲು ನಿಮಿಷಗಳು ಬೇಕು. ಹೆಡ್‌ಲೈಟು ಹಾಕಿದ ಕ್ಷಣದಲ್ಲೇ ಮುಳ್ಳು ಜಿಗಿದರೆ, ಆರಿಸಿದ ಕ್ಷಣದಲ್ಲೇ ಇಳಿದರೆ, ಏರಿಳಿದದ್ದು ಶಾಖವಲ್ಲ, ವಿದ್ಯುತ್ತು. ದೋಷವನ್ನು ಅರ್ಥ್‌ನಲ್ಲಿ ಹುಡುಕಬೇಕು.

ಚರಿತ್ರೆ ಅಲ್ಲಿಗೇ ನಿಲ್ಲಲಿಲ್ಲ. 1979ರಲ್ಲಿ ಬಾಷ್ ಕಂಪನಿಯ 'ಮೋಟ್ರಾನಿಕ್' ಎಂಬ ಗಣಕ ಕಿಡಿಯನ್ನೂ ಇಂಧನವನ್ನೂ ಒಟ್ಟಿಗೆ ತನ್ನ ಆಡಳಿತಕ್ಕೆ ತೆಗೆದುಕೊಂಡಿತು. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯ ಮೂಲಕ ಕನ್ನಡಿಗರಿಗೆ ಪರಿಚಿತವಾದ ಸಂಸ್ಥೆ ಇದು. ಕಾಲಕ್ರಮದಲ್ಲಿ ಪಂಖಕ್ಕೆ ಅಪ್ಪಣೆ ಕೊಡುವ ಅಧಿಕಾರವೂ ಗಣಕದ ಪಾಲಾಯಿತು. 2004ರಲ್ಲಿ ಬಿ.ಎಂ.ಡಬ್ಲ್ಯು. ಸಂಸ್ಥೆ ಒಂದು ಎಂಜಿನ್ನಿನ ನೀರಿನ ಪಂಪನ್ನೇ ಬೆಲ್ಟಿನಿಂದ ಬಿಡಿಸಿ ವಿದ್ಯುತ್ ಮೋಟಾರಿಗೆ ಒಪ್ಪಿಸಿತು. ಎಂದರೆ 'ಮಾಡೆಲ್ ಟಿ' ಕಾರಿನಲ್ಲಿ ನಿಸರ್ಗ ನಿಯಮವೊಂದೇ ಮಾಡುತ್ತಿದ್ದ ಕೆಲಸಕ್ಕೂ ಈಗ ತಂತಿಯ ಅನುಗ್ರಹ ಬೇಕು. ಅಂಥ ಕಾರಿನ ಮಟ್ಟಿಗೆ ಹೆದ್ದಾರಿಯಲ್ಲಿ ಕಾದರೆ ವಿದ್ಯುತ್ ದೋಷವಲ್ಲ ಎಂಬ ಸೂತ್ರವೂ ಪೂರ್ತಿ ನಿಲ್ಲುವುದಿಲ್ಲ. ಯಂತ್ರ ಬದಲಾದಂತೆ ಸೂತ್ರವನ್ನೂ ತಿದ್ದಿಕೊಳ್ಳಬೇಕು. ಅಮೆರಿಕದಲ್ಲಿ 1996ರಿಂದ ಕಾರುಗಳು ತಮ್ಮ ದೋಷವನ್ನು ಸಂಕೇತಸಂಖ್ಯೆಯ ರೂಪದಲ್ಲಿ ತಾವೇ ಹೇಳುವ ವ್ಯವಸ್ಥೆ ಕಡ್ಡಾಯವಾಯಿತು. ನಮ್ಮಲ್ಲಿಯೂ ಇಂದು ಸ್ಕ್ಯಾನರ್ ಹಿಡಿದ ಯುವಕರು ಗ್ಯಾರೇಜುಗಳಲ್ಲಿ ಕಾಣಸಿಗುತ್ತಾರೆ. ಆದರೆ ಆ ಸಂಖ್ಯೆ ಹೇಳುವುದು ಸಂವೇದಕದ ಸಂದೇಶ ಸರಿಯಿಲ್ಲ ಎಂಬಷ್ಟನ್ನೇ. ಸಂವೇದಕ ಕೆಟ್ಟಿದೆಯೋ, ತಂತಿ ಕೆಟ್ಟಿದೆಯೋ, ನೀರೇ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಸಂಖ್ಯೆ ಕಂಡೊಡನೆ ಸಂವೇದಕವನ್ನು ಬದಲಿಸುವುದು ಎಮ್ಮೆಗೆ ಬರೆ ಹಾಕುವ ಹಳೆಯ ಪದ್ಧತಿಯ ಹೊಸ ಅವತಾರ.

ಬೆಂಗಳೂರಿನಲ್ಲೇ ತಯಾರಾದ 'ರೇವಾ' ವಿದ್ಯುತ್ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ನಮ್ಮ ನಾಡು ಎಂಜಿನ್ನೇ ಇಲ್ಲದ ಕಾರನ್ನೂ ಕಂಡಿದೆ. ಅಲ್ಲಿ ಶಾಖದ ಚಿಂತೆ ತಪ್ಪಿತೆಂದು ತಿಳಿಯಬಾರದು. ಬ್ಯಾಟರಿಯೂ ಕಾಯುತ್ತದೆ, ಮೋಟಾರೂ ಕಾಯುತ್ತದೆ, ಸಡಿಲವಾದ ಜೋಡಣೆಯೂ ಕಾಯುತ್ತದೆ. ನೀರಿನ ವಿದ್ಯೆ ಮತ್ತು ತಂತಿಯ ವಿದ್ಯೆ ಎಂಬ ಎರಡು ಅಂಗಡಿಗಳ ವ್ಯವಸ್ಥೆ ಇನ್ನು ಬಹುಕಾಲ ನಡೆಯಲಾರದು. ಈ ಎರಡನ್ನೂ ಒಂದೇ ತಲೆಯಲ್ಲಿ ಕೂಡಿಸಿಕೊಂಡ ಕುಶಲಕರ್ಮಿಗಳನ್ನು ನಮ್ಮ ಐ.ಟಿ.ಐ.ಗಳೂ ಬೀದಿಬದಿಯ ಶೆಡ್ಡುಗಳೂ ತಯಾರು ಮಾಡಬೇಕಾಗಿದೆ. ಬಾನೆಟ್ ಎತ್ತುವ ಮೊದಲು 'ಯಾವಾಗ ಕಾಯುತ್ತದೆ, ಸ್ವಾಮಿ?' ಎಂದು ಕೇಳುವ ಮೆಕ್ಯಾನಿಕ್ ಸಿಕ್ಕಿದರೆ ಅವನನ್ನು ಬಿಡಬೇಡಿ. ಕೇಳದಿದ್ದರೆ ಮಾಲಿಕರಾದ ನೀವೇ ಹೇಳಿ. ಉತ್ತರದಲ್ಲಿ ಅರ್ಧ ಚಿಕಿತ್ಸೆ ಇದೆ. ಉಳಿದರ್ಧಕ್ಕೆ ಒಂದು ವೋಲ್ಟ್‌ಮೀಟರು ಮತ್ತು ತುಕ್ಕು ಉಜ್ಜಲು ಒಂದು ಚೂರು ಉಪ್ಪುಕಾಗದ ಅನೇಕ ವೇಳೆ ಸಾಕಾಗುತ್ತದೆ.

(ಬಾನುಲಿ ಭಾಷಣ)